ಒಂಬತ್ತು ವರ್ಷದ ಲೆಕ್ಕ: 1870ರ ಒಂದು ಸೆನೆಟ್ ಸೀಟಿನ ಪ್ರಕರಣ

ಅಮೆರಿಕದ ಸೆನೆಟ್ ಸದಸ್ಯರಾಗಲು ಅಲ್ಲಿನ ಸಂವಿಧಾನ ಹಾಕಿರುವ ಷರತ್ತು ಮೂರೇ ಮೂರು. ವಯಸ್ಸು 30 ಆಗಿರಬೇಕು. ಆರಿಸಿ ಕಳಿಸುವ ರಾಜ್ಯದ ನಿವಾಸಿಯಾಗಿರಬೇಕು. ಒಂಬತ್ತು ವರ್ಷದಿಂದ ಅಮೆರಿಕದ ಪ್ರಜೆಯಾಗಿರಬೇಕು.

1870ರ ಫೆಬ್ರವರಿಯಲ್ಲಿ ಈ ಮೂರನೇ ಷರತ್ತಿನ ಮೇಲೆ ಸೆನೆಟ್‌ನಲ್ಲಿ ಮೂರು ದಿನ ಜಗ್ಗಾಟ ನಡೆಯಿತು. ಮಿಸಿಸಿಪ್ಪಿ ರಾಜ್ಯದಿಂದ ಆರಿಸಿ ಬಂದವರಿಗೆ ಆಗ 42 ವರ್ಷ. ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದೂ ಅಲ್ಲೇ. ಬೇರೆ ಯಾವ ದೇಶಕ್ಕೂ ಸೇರಿದವರಲ್ಲ. ಆದರೂ ಅವರು ಪ್ರಜೆಯಾಗಿ ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ ಎದ್ದಿತು. ಕಾರಣ ಇಷ್ಟೇ, ಅವರು ಕಪ್ಪು ವರ್ಣದವರು. ಅದಕ್ಕೂ ಮೊದಲು ಅಮೆರಿಕದ ಸಂಸತ್ತಿನ ಎರಡು ಮನೆಗಳಲ್ಲಿ ಯಾವುದರಲ್ಲೂ ಕಪ್ಪು ಸದಸ್ಯರೊಬ್ಬರು ಕೂತಿರಲಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಸೆನೆಟ್ ಚರ್ಚೆಯಲ್ಲಿ ಸದಸ್ಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ‘ಕೆಂಟಕಿಯ ಸೆನೆಟರ್’, ‘ನೆವಾಡಾದ ಸೆನೆಟರ್’ ಎಂದೇ ಹೇಳುತ್ತಾರೆ. ಇಲ್ಲೂ ಪ್ರಕರಣದೊಳಗಿನವರನ್ನು ಹಾಗೇ ಕರೆಯುತ್ತೇನೆ. ಮಿಸಿಸಿಪ್ಪಿಯಿಂದ ಬಂದವರು ವೃತ್ತಿಯಿಂದ ಚರ್ಚಿನ ಪಾದ್ರಿ, ಆದ್ದರಿಂದ ಅವರು ‘ಪಾದ್ರಿ’. ಇತಿಹಾಸ ಬಲ್ಲವರಿಗೆ ಹೆಸರು ತಾನಾಗಿ ಹೊಳೆಯುತ್ತದೆ, ಅದರಿಂದ ತೊಂದರೆಯೇನಿಲ್ಲ. ನನಗೆ ಬೇಕಿರುವುದು ಯಾವ ಹೊತ್ತಿನಲ್ಲಿ ಯಾರು ಏನು ತೀರ್ಮಾನ ಮಾಡಿದರು ಎಂಬುದು.

ಹಿನ್ನೆಲೆ

ಪಾದ್ರಿ ಹುಟ್ಟಿದ್ದು 1827ರಲ್ಲಿ, ನಾರ್ತ್ ಕ್ಯಾರೊಲಿನಾದ ಫೇಯೆಟ್‌ವಿಲ್‌ನಲ್ಲಿ. ಗುಲಾಮರಾಗಿ ಅಲ್ಲ, ಸ್ವತಂತ್ರ ಕುಟುಂಬದಲ್ಲಿ. ಅವರು ಚಿಕ್ಕ ಹುಡುಗನಾಗಿದ್ದಾಗ ಆ ರಾಜ್ಯದಲ್ಲಿ ತೆರಿಗೆ ಕಟ್ಟುವ ಸ್ವತಂತ್ರ ಕಪ್ಪು ಗಂಡಸರಿಗೆ ಓಟು ಇತ್ತು. 1835ರಲ್ಲಿ ರಾಜ್ಯದ ಸಂವಿಧಾನ ತಿದ್ದಿ ಅದನ್ನು ಕಿತ್ತುಕೊಂಡರು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದಿನ ವಾದ ಅರ್ಥವಾಗಲು ಇದು ಬೇಕು. ಕಪ್ಪು ಜನ ಯಾವತ್ತೂ ಪ್ರಜೆಗಳಾಗಿರಲಿಲ್ಲ ಎಂದು ಆಮೇಲೆ ಹೇಳಿದವರು ಇಂಥ ಹಳೆಯ ಸಂಗತಿಗಳನ್ನು ಬದಿಗೆ ಸರಿಸಿಯೇ ಹಾಗೆ ಹೇಳಬೇಕಿತ್ತು.

ಮೊದಲು ಕ್ಷೌರದ ಕೆಲಸ, ಆಮೇಲೆ ಇಂಡಿಯಾನಾದಲ್ಲಿ ಓದು, ಆಮೇಲೆ ಆಫ್ರಿಕನ್ ಮೆಥಡಿಸ್ಟ್ ಚರ್ಚಿನಲ್ಲಿ ದೀಕ್ಷೆ. ಊರಿಂದ ಊರಿಗೆ ಬೋಧನೆ ಮಾಡುತ್ತ ತಿರುಗಿದರು. 1854ರಲ್ಲಿ ಮಿಸೌರಿಯಲ್ಲಿ ಕಪ್ಪು ಜನರಿಗೆ ಬೋಧನೆ ಮಾಡಿದ್ದಕ್ಕೇ ಜೈಲು ಕಂಡರು. ಇಲಿನಾಯ್‌ನ ನಾಕ್ಸ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದರು. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯಕ್ಕೆ ಕಪ್ಪು ಸೈನಿಕರನ್ನು ಸೇರಿಸಲು ಓಡಾಡಿದರು. ಯುದ್ಧ ಮುಗಿದ ಮೇಲೆ ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ ನೆಲೆಸಿದರು. 1868ರಲ್ಲಿ ಅಲ್ಲಿನ ನಗರಸಭೆ ಸದಸ್ಯ, 1869ರಲ್ಲಿ ರಾಜ್ಯದ ಸೆನೆಟ್‌ಗೆ ಆಯ್ಕೆ.

ಆ ಕಾಲದಲ್ಲಿ ವಾಷಿಂಗ್ಟನ್ನಿನ ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ. ನಮ್ಮ ರಾಜ್ಯಸಭೆಗೆ ಶಾಸಕರು ಓಟು ಹಾಕುತ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ರಾಜ್ಯದ ಶಾಸಕರೇ ಆರಿಸುತ್ತಿದ್ದರು. 1913ರಲ್ಲಿ 17ನೇ ತಿದ್ದುಪಡಿ ಬರುವ ತನಕ ಇದೇ ಪದ್ಧತಿ.

1870ರ ಜನವರಿಯಲ್ಲಿ ಮಿಸಿಸಿಪ್ಪಿಯ ಹೊಸ ಶಾಸನಸಭೆ ಸೇರಿದಾಗ ಸೆನೆಟ್‌ಗೆ ಮೂರು ಆಯ್ಕೆ ಮಾಡಬೇಕಿತ್ತು. 1861ರಲ್ಲಿ ರಾಜ್ಯ ಒಕ್ಕೂಟ ಬಿಟ್ಟುಹೋದಾಗಿನಿಂದ ಎರಡು ಕುರ್ಚಿ ಖಾಲಿ ಇದ್ದವು. ಒಂದರ ಅವಧಿ 1875ರ ತನಕ ಇತ್ತು. ಇನ್ನೊಂದರ ಅವಧಿ 1871ರ ಮಾರ್ಚ್‌ಗೆ ಮುಗಿಯುವುದು, ಅಂದರೆ ಉಳಿದದ್ದು ಒಂದು ವರ್ಷ ಚಿಲ್ಲರೆ. ಅದಾದ ಮೇಲಿನ ಪೂರ್ತಿ ಆರು ವರ್ಷದ ಅವಧಿಗೂ ಆಗಲೇ ಆಯ್ಕೆ. ಶಾಸಕರಲ್ಲಿ ಸುಮಾರು ಕಾಲು ಭಾಗ ಕಪ್ಪು ಸದಸ್ಯರಿದ್ದರು. ಮೂರರಲ್ಲಿ ಒಂದು ನಮಗೆ ಬೇಕೇ ಬೇಕು ಎಂದು ಅವರು ಪಟ್ಟು ಹಿಡಿದರು.

ಸಿಕ್ಕಿದ್ದು ಚಿಕ್ಕದು, ಒಂದು ವರ್ಷದ್ದು. ಆರು ವರ್ಷದ್ದು ಹೊಸದಾಗಿ ಗೆದ್ದಿದ್ದ ಗವರ್ನರ್‌ಗೆ ಹೋಯಿತು. 1875ರ ತನಕದ್ದು ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ಸೇನಾ ಜನರಲ್‌ಗೆ ಹೋಯಿತು. ಪಾದ್ರಿಯ ಹೆಸರು ಮುಂದೆ ಬಂದದ್ದು ಹೇಗೆ ಎಂಬುದಕ್ಕೆ ಒಂದು ಕಥೆ ಇದೆ. ಅಧಿವೇಶನದ ಶುರುವಿನಲ್ಲಿ ಪ್ರಾರ್ಥನೆ ಮಾಡಲು ಅವರನ್ನು ಕರೆದರು. ಆ ಪ್ರಾರ್ಥನೆಯೇ ಅವರನ್ನು ಸೆನೆಟರ್ ಮಾಡಿತು ಎಂದು ಆಗ ಅದೇ ಶಾಸನಸಭೆಯಲ್ಲಿದ್ದ ಒಬ್ಬ ಕಪ್ಪು ಸದಸ್ಯರು ಎಷ್ಟೋ ವರ್ಷದ ಮೇಲೆ ಬರೆದಿದ್ದಾರೆ. ಜನವರಿ 20ರಂದು 81ಕ್ಕೆ 15 ಮತಗಳಿಂದ ಆಯ್ಕೆಯಾಯಿತು. ಈ 81ರಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದ ಕೈ ಎತ್ತಿದವರಲ್ಲ. ಕಪ್ಪು ಮನುಷ್ಯನನ್ನು ಸೆನೆಟ್‌ಗೆ ಕಳಿಸಿದರೆ, ಆಗ ಕಪ್ಪು ಜನರ ಹಕ್ಕಿನ ಪರ ನಿಂತಿದ್ದ ರಿಪಬ್ಲಿಕನ್ ಪಕ್ಷದ ಮಾನ ಹೋಗುತ್ತದೆ ಎಂಬ ಆಸೆಯಿಂದ ಒಪ್ಪಿದ ಡೆಮಾಕ್ರಟರೂ ಇದ್ದರು.

ಸಮಸ್ಯೆ

ಪಾದ್ರಿ ವಾಷಿಂಗ್ಟನ್ ತಲುಪಿ ಕಾಯುತ್ತ ಕೂತರು. ರಾಜ್ಯವನ್ನೇ ಒಕ್ಕೂಟಕ್ಕೆ ವಾಪಸ್ ಸೇರಿಸಿಕೊಳ್ಳದೆ ಅದರ ಸೆನೆಟರ್‌ನನ್ನು ಸೇರಿಸಿಕೊಳ್ಳುವುದು ಹೇಗೆ? ಫೆಬ್ರವರಿ 23ರಂದು, ಬುಧವಾರ, ಮಿಸಿಸಿಪ್ಪಿಯ ಮರುಪ್ರವೇಶದ ಕಾಯ್ದೆಗೆ ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದರು. ಅವತ್ತೇ ಮ್ಯಾಸಚುಸೆಟ್ಸ್‌ನ ಒಬ್ಬ ಸೆನೆಟರ್ ಪಾದ್ರಿಯ ಆಯ್ಕೆ ಪತ್ರವನ್ನು ಸದನದ ಮುಂದಿಟ್ಟರು. ಒಂದು ವರ್ಷದ ಅವಧಿಯಲ್ಲಿ ಒಂದು ತಿಂಗಳು ಆಗಲೇ ಹೋಗಿತ್ತು.

ಇಲ್ಲಿ ಅಲ್ಲಿನ ಪದ್ಧತಿಯೊಂದನ್ನು ಹೇಳಬೇಕು. ನಮ್ಮಲ್ಲಿ ಆಯ್ಕೆಯ ತಕರಾರು ಹೈಕೋರ್ಟಿಗೆ ಹೋಗುತ್ತದೆ. ಅಮೆರಿಕದಲ್ಲಿ ಸಂವಿಧಾನವೇ ಆ ಅಧಿಕಾರವನ್ನು ಆಯಾ ಸದನಕ್ಕೆ ಕೊಟ್ಟಿದೆ. ಆಯ್ಕೆ ಸರಿಯೋ ತಪ್ಪೋ, ಅರ್ಹತೆ ಇದೆಯೋ ಇಲ್ಲವೋ, ಎಲ್ಲಕ್ಕೂ ಸದನವೇ ನ್ಯಾಯಾಧೀಶ. ಹಾಗಾಗಿ ಪಾದ್ರಿಯ ಹಣೆಬರಹ ಬರೆಯುವವರು ಅದೇ ಕೋಣೆಯಲ್ಲಿ ಕೂತಿದ್ದರು. ಬರೆಸಿಕೊಳ್ಳುವವರಿಗೆ ಮಾತ್ರ ಬಾಯಿ ತೆರೆಯುವ ಹಕ್ಕಿರಲಿಲ್ಲ, ಇನ್ನೂ ಸದಸ್ಯರಲ್ಲವಲ್ಲ.

ಕೆಂಟಕಿ, ಡೆಲಾವೇರ್, ಮೇರಿಲ್ಯಾಂಡ್ ಕಡೆಯ ಡೆಮಾಕ್ರಟಿಕ್ ಸೆನೆಟರ್‌ಗಳು ಎದ್ದು ನಿಂತರು. ತಕರಾರು ಎರಡು.

ಒಂದು, ಕಾಗದದ ಮೇಲಿನದು. ಆಯ್ಕೆ ಪತ್ರಕ್ಕೆ ರಾಜ್ಯದ ಗವರ್ನರ್ ಸಹಿ ಇರಬೇಕು ಎಂದು 1866ರ ಕಾಯ್ದೆ ಹೇಳುತ್ತದೆ. ಈ ಪತ್ರಕ್ಕೆ ಸಹಿ ಹಾಕಿದ್ದು ಆ ಸೇನಾ ಜನರಲ್, ‘ತಾತ್ಕಾಲಿಕ ಗವರ್ನರ್’ ಎಂಬ ಹುದ್ದೆಯ ಹೆಸರಿನಲ್ಲಿ. ಇದೊಂದು ರಾಜ್ಯದ ಪತ್ರವೋ, ಸೈನ್ಯದ ಆದೇಶವೋ ಎಂದು ವಿರೋಧಿಗಳು ಕೇಳಿದರು. ತೀರಾ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆದರೆ ಹೊಸ ಗವರ್ನರ್ ಅಧಿಕಾರ ವಹಿಸಿಕೊಂಡದ್ದು ಮಾರ್ಚ್‌ನಲ್ಲಿ. ಜನವರಿಯಲ್ಲಿ ಸಹಿ ಹಾಕಲು ಬೇರೆ ಯಾರಿದ್ದರು?

ಎರಡನೆಯದೇ ಒಂಬತ್ತು ವರ್ಷದ್ದು. 1857ರಲ್ಲಿ ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಮುಖ್ಯ ನ್ಯಾಯಮೂರ್ತಿ ಟೇನಿ ಬರೆದ ಆ ತೀರ್ಪಿನ ಪ್ರಕಾರ, ಆಫ್ರಿಕನ್ ಮೂಲದವರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪ್ರಜೆಗಳಲ್ಲ. ಅದನ್ನು ಅಳಿಸಿದ್ದು 1866ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 1868ರ 14ನೇ ತಿದ್ದುಪಡಿ. ಹಾಗಾದರೆ ಪಾದ್ರಿ ಪ್ರಜೆಯಾಗಿ ಎರಡು ವರ್ಷ, ಜಾಸ್ತಿ ಅಂದರೆ ನಾಲ್ಕು ವರ್ಷ. ಒಂಬತ್ತು ಎಲ್ಲಿಂದ ಬಂತು?

ಈ ವಾದದ ಹಿಂದಿನ ಮನಸ್ಸು ಹೊಲಸು, ಅದರಲ್ಲಿ ಅನುಮಾನವಿಲ್ಲ. ಆದರೂ ವಾದ ಹಾಸ್ಯಾಸ್ಪದವಾಗಿರಲಿಲ್ಲ. ಒಂಬತ್ತು ವರ್ಷದ ಷರತ್ತಿನಲ್ಲಿ ಸಿಕ್ಕಿಬಿದ್ದು ಸೆನೆಟ್ ಸೀಟು ಕಳೆದುಕೊಂಡವರು ಮೊದಲೂ ಇದ್ದರು. ಸ್ವಿಟ್ಜರ್ಲೆಂಡಿನಿಂದ ಬಂದ ಆಲ್ಬರ್ಟ್ ಗ್ಯಾಲಟಿನ್‌ರನ್ನು 1794ರಲ್ಲಿ 14ಕ್ಕೆ 12 ಮತಗಳಿಂದ ಹೊರಗೆ ಹಾಕಿದ್ದರು. ಅವರೇ ಮುಂದೆ ದೇಶದ ಖಜಾನೆ ಮಂತ್ರಿಯಾದರು. ಐರ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಶೀಲ್ಡ್ಸ್‌ಗೆ 1849ರ ಮಾರ್ಚ್‌ನಲ್ಲಿ ಕಡಿಮೆ ಬಿದ್ದದ್ದು ಬರೀ ಏಳೆಂಟು ತಿಂಗಳು. ಅಷ್ಟಕ್ಕೇ ಅವರ ಆಯ್ಕೆ ಅನೂರ್ಜಿತ. ಅದೇ ವರ್ಷ ಅವಧಿ ತುಂಬಿದ ಮೇಲೆ ಇಲಿನಾಯ್ ಮತ್ತೆ ಆರಿಸಿತು, ಆಗ ಸೇರಿಸಿಕೊಂಡರು. ಅಂದರೆ ಸೆನೆಟ್ ಈ ಷರತ್ತನ್ನು ತಿಂಗಳುಗಳ ಲೆಕ್ಕದಲ್ಲಿ ಪಾಲಿಸಿತ್ತು. ಈಗ ಪಾದ್ರಿಗೆ ಏಳು ವರ್ಷ ಬಿಟ್ಟುಕೊಡಿ ಎಂದರೆ ಹೇಗೆ ಎಂಬುದು ವಿರೋಧಿಗಳ ಕೈಯಲ್ಲಿದ್ದ ಗಟ್ಟಿ ಕಲ್ಲು.

ಗ್ಯಾಲಟಿನ್, ಶೀಲ್ಡ್ಸ್ ಹೊರಗಿನಿಂದ ಬಂದವರು. ಅವರ ಪೌರತ್ವಕ್ಕೆ ಒಂದು ತಾರೀಕು ಇತ್ತು, ಪ್ರಮಾಣ ಮಾಡಿದ ದಿನ. ಪಾದ್ರಿಗೆ ಅಂಥ ತಾರೀಕು ಯಾವುದು?

ಸಾಧ್ಯವಿದ್ದ ತಾರೀಕುಗಳನ್ನು ಒಂದೊಂದಾಗಿ ಇಟ್ಟು ನೋಡಿ. 1868ರ ತಿದ್ದುಪಡಿಯಿಂದ ಎಣಿಸಿದರೆ ಎರಡು ವರ್ಷ ಸಹ ತುಂಬಿಲ್ಲ. 1866ರ ಕಾಯ್ದೆಯಿಂದ ನಾಲ್ಕರ ಹತ್ತಿರ. 1862ರಲ್ಲಿ ಲಿಂಕನ್ ಸರ್ಕಾರದ ಅಟಾರ್ನಿ ಜನರಲ್ ಬೇಟ್ಸ್, ಅಮೆರಿಕದಲ್ಲಿ ಹುಟ್ಟಿದ ಸ್ವತಂತ್ರ ಕಪ್ಪು ಜನ ಪ್ರಜೆಗಳೇ ಎಂದು ಅಭಿಪ್ರಾಯ ಬರೆದುಕೊಟ್ಟಿದ್ದರು. ಅಲ್ಲಿಂದ ಎಣಿಸಿದರೂ ಎಂಟು ಸಹ ತುಂಬುವುದಿಲ್ಲ. ಯಾವ ಸರ್ಕಾರಿ ಕಾಗದವೂ ಒಂಬತ್ತನ್ನು ಮುಟ್ಟಿಸುವುದಿಲ್ಲ. ಮುಟ್ಟಿಸುವುದು ಒಂದೇ ಒಂದು ತಾರೀಕು, 1827ರಲ್ಲಿ ಅವರು ಹುಟ್ಟಿದ ದಿನ. ಅದನ್ನು ಒಪ್ಪಬೇಕಾದರೆ ಡ್ರೆಡ್ ಸ್ಕಾಟ್ ತೀರ್ಪು ಹೊರಬಿದ್ದ ದಿನವೇ ತಪ್ಪಾಗಿತ್ತು ಎಂದು ಒಪ್ಪಬೇಕು.

ಏನೇನು ಪ್ರಯತ್ನ ಮಾಡಿದರು

ಪಾದ್ರಿಯ ಪರವಾಗಿ ನಿಂತವರ ಮುಂದೆ ಎರಡು ದಾರಿ ಇದ್ದವು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಇರುವುದು ಇಲ್ಲೇ.

ಮೊದಲನೆಯದು ಸಣ್ಣ ದಾರಿ. ಪಾದ್ರಿಯ ಹಿರಿಯರಲ್ಲಿ ಬಿಳಿಯರೂ ಇದ್ದರು. ಓಹಿಯೋ ರಾಜ್ಯದ ನ್ಯಾಯಾಲಯಗಳು ಬಿಳಿ ರಕ್ತ ಅರ್ಧಕ್ಕಿಂತ ಜಾಸ್ತಿ ಇರುವವರಿಗೆ ಓಟು ಹಾಕಲು ಯುದ್ಧಕ್ಕೂ ಎಷ್ಟೋ ಮುಂಚೆಯೇ ಬಿಟ್ಟಿದ್ದವು. ಪಾದ್ರಿ ಅಲ್ಲಿದ್ದಾಗ ಓಟು ಹಾಕಿದ್ದರು. ಆದ್ದರಿಂದ ಟೇನಿ ತೀರ್ಪನ್ನು ಪೂರ್ತಿ ಆಫ್ರಿಕನ್ ಮೂಲದವರಿಗೆ ಮಾತ್ರ ಅನ್ವಯಿಸಿ ಓದಿದರೆ ಆಯಿತು, ಇವರು ಅದರ ಹೊರಗೆ ಉಳಿಯುತ್ತಾರೆ, ಮೊದಲಿಂದಲೂ ಪ್ರಜೆಯೇ. ವಕೀಲರ ದೃಷ್ಟಿಯಲ್ಲಿ ಇದು ಒಳ್ಳೆಯ ವಾದ. ಯಾರ ತೀರ್ಪನ್ನೂ ತಪ್ಪು ಅನ್ನಬೇಕಿಲ್ಲ, ಕಕ್ಷಿದಾರ ಗೆಲ್ಲುತ್ತಾನೆ.

ಆದರೆ ಇದರ ಬೆಲೆ ನೋಡಿ. ಪಾದ್ರಿ ಒಳಗೆ ಬರುತ್ತಾರೆ, ಅವರಿಗಿಂತ ಕಪ್ಪಾದವರು, ಗುಲಾಮರಾಗಿ ಹುಟ್ಟಿದವರು, ಓಹಿಯೋದಲ್ಲಿ ಓಟು ಹಾಕದವರು ಹೊರಗೇ ಉಳಿಯುತ್ತಾರೆ. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ಅವರೇ. ಸೆನೆಟ್ ಆ ಕಾರಣ ಕೊಟ್ಟಿದ್ದರೆ ರಕ್ತದ ಅಳತೆಯನ್ನೇ ಅರ್ಹತೆಯಾಗಿ ಮಾಡಿದಂತಾಗುತ್ತಿತ್ತು.

ಎರಡನೆಯದು ದೊಡ್ಡ ದಾರಿ. ಆ ತೀರ್ಪು ಹುಟ್ಟಿನಿಂದಲೇ ತಪ್ಪು. ಯುದ್ಧ ಅದನ್ನು ಹೂತುಹಾಕಿದೆ. 1866ರ ಕಾಯ್ದೆ, 1868ರ ತಿದ್ದುಪಡಿ ಕಪ್ಪು ಜನರಿಗೆ ಹೊಸದೇನನ್ನೂ ದಾನ ಮಾಡಲಿಲ್ಲ, ಮೊದಲೇ ಇದ್ದದ್ದನ್ನು ಒಪ್ಪಿಕೊಂಡವು. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ, ಅಪ್ಪನಿಂದ ಬಂದ ಹೊಲವನ್ನು ಯಾರೋ ಪಹಣಿಯಲ್ಲಿ ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು, ಹೋರಾಡಿ ಅದನ್ನು ನಿನ್ನೆ ಸರಿಮಾಡಿಸಿದೆವು. ಹಾಗಂತ ಹೊಲ ನಿನ್ನೆಯಿಂದಷ್ಟೇ ನಮ್ಮದಾಯಿತೇ?

ಮ್ಯಾಸಚುಸೆಟ್ಸ್‌ನ ಹಿರಿಯ ಸೆನೆಟರ್ ಈ ದೊಡ್ಡ ದಾರಿಯಲ್ಲಿ ನಡೆದರು. ಹದಿನಾಲ್ಕು ವರ್ಷದ ಹಿಂದೆ ಗುಲಾಮಗಿರಿ ವಿರುದ್ಧ ಮಾತಾಡಿದ್ದಕ್ಕೆ ಇದೇ ಸದನದಲ್ಲಿ ತಲೆಗೆ ಬೆತ್ತದ ಏಟು ತಿಂದಿದ್ದವರು ಅವರು. ಎಲ್ಲರೂ ಸಮಾನರಾಗಿ ಹುಟ್ಟುತ್ತಾರೆ ಎಂದು 1776ರಲ್ಲಿ ಸಾರಿದ ಘೋಷಣೆಯನ್ನು ಇವತ್ತು ನಾವು ನಿಜ ಮಾಡುತ್ತಿದ್ದೇವೆ ಎಂಬ ಅರ್ಥದಲ್ಲಿ ಮಾತಾಡಿದರು. ನೆವಾಡಾದ ಸೆನೆಟರ್ ಒಕ್ಕೂಟ ಮುರಿಯಲು ಹೋದವರ ಕುರ್ಚಿಗೆ ಈಗ ಯಾರು ಬರುತ್ತಿದ್ದಾರೆ ನೋಡಿ ಎಂದು ಚುಚ್ಚಿದರು. ದಕ್ಷಿಣದ ಬಂಡಾಯ ಸರ್ಕಾರದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಮೊದಲು ಮಿಸಿಸಿಪ್ಪಿಯ ಸೆನೆಟರ್ ಆಗಿದ್ದವನು. ಅವನ ಸೀಟಿಗೇ ಪಾದ್ರಿ ಬಂದರು ಎಂಬ ಮಾತು ಆಗ ಜನಪ್ರಿಯವಾಯಿತು, ಇವತ್ತಿಗೂ ಕೇಳುತ್ತೇವೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಹೊಂದುವುದಿಲ್ಲ. ಡೇವಿಸ್‌ನ ಅವಧಿ 1857ರಿಂದ 1863. ಆರಾರು ವರ್ಷ ಕೂಡಿಸುತ್ತ ಹೋದರೆ 1869, 1875. ಅದು ಜನರಲ್‌ಗೆ ಸಿಕ್ಕ ಸೀಟು. ಪಾದ್ರಿಯದು ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಆಲ್ಬರ್ಟ್ ಬ್ರೌನ್ ಬಿಟ್ಟುಹೋದದ್ದು.

ತಿರುವು

ವಿರೋಧಿಗಳು ಕೊನೆಗೆ ಹಿಡಿದದ್ದು ಒಂದು ಮೆತ್ತನೆಯ ಬೇಡಿಕೆ. ಬೇಡ ಎನ್ನುತ್ತಿಲ್ಲ, ಪತ್ರವನ್ನು ನ್ಯಾಯಾಂಗ ಸಮಿತಿಗೆ ಕಳಿಸಿ, ಅವರು ನೋಡಿ ವರದಿ ಕೊಡಲಿ.

ಕೇಳಿದರೆ ಯಾರಿಗಾದರೂ ಸರಿ ಅನಿಸುತ್ತದೆ. ಕಾನೂನಿನ ಪ್ರಶ್ನೆ, ಕಾನೂನಿನ ಸಮಿತಿ. ಗ್ಯಾಲಟಿನ್ ವಿಷಯವೂ ಸಮಿತಿಗೆ ಹೋಗಿತ್ತು. ಸಮಿತಿಯಲ್ಲೂ ರಿಪಬ್ಲಿಕನ್ನರೇ ಜಾಸ್ತಿ. ಆದರೆ ಪಾದ್ರಿಯ ಅವಧಿಯಲ್ಲಿ ಉಳಿದಿದ್ದದ್ದು ಒಂದೇ ವರ್ಷ. ಸಮಿತಿ ಎರಡು ತಿಂಗಳು ತೆಗೆದುಕೊಂಡರೆ ಆರನೇ ಒಂದು ಪಾಲು ಹೋಯಿತು. ಅದಕ್ಕಿಂತ ದೊಡ್ಡ ಅಪಾಯ, ಸಮಿತಿ ಕಾರಣ ಬರೆಯಲೇಬೇಕು. ಬರೆಯಲು ಕೂತ ವಕೀಲರು ಯಾವ ದಾರಿ ಹಿಡಿಯುತ್ತಾರೆ? ಅವರಿಗೆ ಸುಲಭ ಕಾಣುವುದು ಸಣ್ಣ ದಾರಿಯೇ.

ಹಿಂದಿನ ವರ್ಷದ ಉದಾಹರಣೆ ಕಣ್ಣ ಮುಂದೆಯೇ ಇತ್ತು. ಲೂಸಿಯಾನದಿಂದ ಕೆಳಮನೆಗೆ ಆರಿಸಿ ಬಂದಿದ್ದ ಕಪ್ಪು ವ್ಯಕ್ತಿಯೊಬ್ಬರ ವಿಷಯ ಚುನಾವಣಾ ಸಮಿತಿಗೆ ಹೋಗಿತ್ತು. ಎದುರಾಳಿ ಬಿಳಿಯನಿಗೂ ಸೀಟು ಕೊಡಲಿಲ್ಲ, ಇವರಿಗೂ ಕೊಡಲಿಲ್ಲ. 1869ರ ಫೆಬ್ರವರಿ 27ರಂದು ತಮ್ಮ ಪರವಾಗಿ ಸದನದಲ್ಲಿ ಮಾತಾಡಲು ಮಾತ್ರ ಬಿಟ್ಟರು. ಅಧಿವೇಶನ ನಡೆಯುತ್ತಿರುವಾಗ ಅಲ್ಲಿ ನಿಂತು ಮಾತಾಡಿದ ಮೊದಲ ಕಪ್ಪು ಮನುಷ್ಯ ಎಂಬ ಹೆಸರು ಸಿಕ್ಕಿತು, ಸೀಟು ಖಾಲಿ ಉಳಿಯಿತು.

ಫೆಬ್ರವರಿ 25, ಶುಕ್ರವಾರ. ಗ್ಯಾಲರಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಮಿತಿಗೆ ಕಳಿಸುವ ಬೇಡಿಕೆ ಬಿದ್ದುಹೋಯಿತು. ಆಮೇಲೆ ಪ್ರಮಾಣವಚನ ಬೋಧಿಸಬೇಕೇ ಎಂಬ ಪ್ರಶ್ನೆ. ಪರ 48, ವಿರೋಧ 8. ಪರ ಬಂದವರೆಲ್ಲ ರಿಪಬ್ಲಿಕನ್ನರು, ವಿರೋಧ ಬಂದವರೆಲ್ಲ ಡೆಮಾಕ್ರಟರು. ಸಂಜೆ ಐದು ಹೊಡೆಯುವ ಮುಂಚೆ, ಆಯ್ಕೆ ಪತ್ರ ಮುಂದಿಟ್ಟಿದ್ದ ಮ್ಯಾಸಚುಸೆಟ್ಸ್‌ನ ಸೆನೆಟರ್ ಪಾದ್ರಿಯನ್ನು ಸದನ ನಡೆಸುವ ಉಪಾಧ್ಯಕ್ಷರ ಮೇಜಿನ ತನಕ ಕರೆದುಕೊಂಡು ಹೋದರು. ನೋಡಲು ಗ್ಯಾಲರಿಯ ಜನ ಎದ್ದು ನಿಂತಿದ್ದರು.

ಏನಾಯಿತು

ಕೂತ ಮೇಲೆ ಪಾದ್ರಿ ಸುಮ್ಮನಿರಲಿಲ್ಲ. ಮಾರ್ಚ್ 16ರಂದು ಮೊದಲ ದೊಡ್ಡ ಭಾಷಣ ಮಾಡಿದರು. ಜಾರ್ಜಿಯಾದ ಶಾಸನಸಭೆಯಿಂದ ಕಪ್ಪು ಸದಸ್ಯರನ್ನು ಹೊರಗೆ ಹಾಕಿದ್ದ ವಿಷಯ ಅದು. ಶಿಕ್ಷಣ ಮತ್ತು ಕಾರ್ಮಿಕ ಸಮಿತಿ, ರಾಜಧಾನಿ ಜಿಲ್ಲೆಯ ಸಮಿತಿ ಎರಡರಲ್ಲೂ ಜಾಗ ಸಿಕ್ಕಿತು. ರಾಜಧಾನಿಯ ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡುವುದನ್ನು ವಿರೋಧಿಸಿದರು, ಗೆಲ್ಲಲಿಲ್ಲ. ಹಳೆಯ ಬಂಡಾಯಗಾರರಿಗೆ ರಾಜಕೀಯ ಹಕ್ಕು ವಾಪಸ್ ಕೊಡಬೇಕು ಎಂದರು. ಅವರ ಕಡೆಯವರಲ್ಲೇ ಕೆಲವರಿಗೆ ಅದು ಹಿಡಿಸಲಿಲ್ಲ. 1871ರ ಮಾರ್ಚ್ 3ಕ್ಕೆ ಅವಧಿ ಮುಗಿಯಿತು. ಊರಿಗೆ ಹೋಗಿ ಕಪ್ಪು ವಿದ್ಯಾರ್ಥಿಗಳಿಗಾಗಿ ಹೊಸದಾಗಿ ಕಟ್ಟಿದ ಆಲ್ಕಾರ್ನ್ ಕಾಲೇಜಿನ ಮುಖ್ಯಸ್ಥರಾದರು.

ಜನರಲ್ ಕಥೆಯೇ ಬೇರೆ. ತಾತ್ಕಾಲಿಕ ಗವರ್ನರ್ ಅವರೇ ತಾನೇ? ಹಾಗಾಗಿ ತಮ್ಮ ಆಯ್ಕೆ ಪತ್ರಕ್ಕೆ ತಾವೇ ಸಹಿ ಹಾಕಿಕೊಂಡು ಬಂದಿದ್ದರು! ಹುಟ್ಟೂರು ಉತ್ತರದ ತುದಿಯ ಮೇಯ್ನ್ ರಾಜ್ಯ. ಸೈನ್ಯದ ಕೆಲಸಕ್ಕೆ ಬಂದವರು ಮಿಸಿಸಿಪ್ಪಿಯ ನಿವಾಸಿ ಹೇಗಾಗುತ್ತಾರೆ ಎಂಬ ಪ್ರಶ್ನೆ ಎದ್ದಿತು. ಅವರ ಪತ್ರ ಸಮಿತಿಗೆ ಹೋಯಿತು. ಸಮಿತಿ ಇವರಿಗೆ ಅರ್ಹತೆ ಇಲ್ಲ ಎಂದು ವರದಿ ಕೊಟ್ಟಿತು. ಸೆನೆಟ್ ಆ ವರದಿಯನ್ನೇ ತಳ್ಳಿ ಏಪ್ರಿಲ್ 1ರಂದು ಅವರನ್ನು ಸೇರಿಸಿಕೊಂಡಿತು. ಒಂದೇ ರಾಜ್ಯ, ಒಂದೇ ಸಹಿ. ಸಮಿತಿಯ ಬಾಗಿಲಿಗೆ ಹೋದವರಿಗೆ ತಿಂಗಳ ಮೇಲಾಯಿತು, ಜೊತೆಗೆ ಮೈಮೇಲೆ ಒಂದು ಕಪ್ಪು ಚುಕ್ಕೆಯ ವರದಿ. ಪಾದ್ರಿಯ ವಿಷಯದಲ್ಲಿ ಸೆನೆಟ್ ಸಮಿತಿ ಬೇಡ ಎಂದದ್ದರ ಬೆಲೆ ಇಲ್ಲಿ ಕಾಣುತ್ತದೆ.

ಇದರಿಂದ ಕಲಿಯುವುದು

ಸೆನೆಟ್ ಕಾರಣ ಬರೆಯಲಿಲ್ಲ. ಸಣ್ಣ ದಾರಿ ಸರಿಯೋ ದೊಡ್ಡ ದಾರಿ ಸರಿಯೋ ಎಂದು ತೀರ್ಮಾನಿಸಲಿಲ್ಲ. ರಕ್ತದ ಅಳತೆ ನಂಬಿದವರೂ ಸಮಾನತೆ ನಂಬಿದವರೂ ಒಂದೇ 48ರೊಳಗೆ ಸೇರಿಹೋದರು. ಕಾನೂನು ಓದಿದವರಿಗೆ ಇದು ಅರೆಬೆಂದ ಕೆಲಸ ಅನಿಸಬಹುದು. ನನ್ನ ಪ್ರಕಾರ ಬರೆಯದೇ ಇದ್ದದ್ದೇ ಒಳ್ಳೆಯದಾಯಿತು.

ಯಾಕೆಂದರೆ ಮುಂದೆ ಬಂದವರನ್ನು ನೋಡಿ. ಅದೇ ವರ್ಷ ಡಿಸೆಂಬರ್ 12ರಂದು ಸೌತ್ ಕ್ಯಾರೊಲಿನಾದಿಂದ ಒಬ್ಬರು ಕೆಳಮನೆ ಸೇರಿದರು. ಆ ಮನೆಗೆ ಬಂದ ಮೊದಲ ಕಪ್ಪು ಸದಸ್ಯ. ಗುಲಾಮರಾಗಿ ಹುಟ್ಟಿದವರು. ಕೆಳಮನೆಯ ಷರತ್ತು ಏಳು ವರ್ಷ. 1868ರಿಂದ ಎಣಿಸಿದ್ದರೆ ಅವರಿಗೂ ಎರಡೂವರೆ ವರ್ಷವಷ್ಟೇ. 1875ರಲ್ಲಿ ಮಿಸಿಸಿಪ್ಪಿಯಿಂದಲೇ ಎರಡನೇ ಕಪ್ಪು ಸೆನೆಟರ್ ಬಂದರು, ಪೂರ್ತಿ ಆರು ವರ್ಷದ ಅವಧಿಗೆ. ಇವರೂ ಗುಲಾಮರಾಗಿ ಹುಟ್ಟಿದವರೇ. ತಿದ್ದುಪಡಿಯಿಂದ ಎಣಿಸಿದರೆ ಏಳು ವರ್ಷ ಸಹ ತುಂಬಿರಲಿಲ್ಲ. ಮೂರು ದಿನದ ಚರ್ಚೆ ಆಗ ನಡೆಯಲಿಲ್ಲ. ‘ಈತನಿಗೆ ಬಿಳಿ ರಕ್ತ ಇರುವುದರಿಂದ’ ಅಥವಾ ‘ಓಹಿಯೋದಲ್ಲಿ ಓಟು ಹಾಕಿದ್ದರಿಂದ’ ಎಂಬ ಒಂದು ಸಾಲು 1870ರ ದಾಖಲೆಯಲ್ಲಿ ಕೂತಿದ್ದರೆ ಇವರ ಮುಂದೆ ಅದನ್ನು ಹಿಡಿಯಲು ಜನ ಕಾದು ಕೂತಿರುತ್ತಿದ್ದರು.

ಇನ್ನೂ ಒಂದು ಲೆಕ್ಕ ಮಾಡಿ. ವಿರೋಧಿಗಳ ವಾದ ಗೆದ್ದು 1868ರ ಜುಲೈಯಿಂದ ಒಂಬತ್ತು ವರ್ಷ ಎಣಿಸಿದ್ದರೆ, ದಕ್ಷಿಣದ ಕಪ್ಪು ಮನುಷ್ಯ ಸೆನೆಟ್‌ಗೆ ಬರಲು ಅರ್ಹನಾಗುತ್ತಿದ್ದದ್ದು 1877ರ ಜುಲೈಯಲ್ಲಿ. ಅದೇ 1877ರ ಏಪ್ರಿಲ್ ಹೊತ್ತಿಗೆ ದಕ್ಷಿಣದ ಸರ್ಕಾರಗಳ ಬೆನ್ನಿಗೆ ನಿಂತಿದ್ದ ಸೈನ್ಯ ಹಿಂದೆ ಸರಿದಾಗಿತ್ತು. ಕಪ್ಪು ಜನರ ಓಟನ್ನು ಬೆದರಿಕೆಯಿಂದ, ಗುಂಡಿನಿಂದ ಒತ್ತಿಹಾಕುವುದು ಮಿಸಿಸಿಪ್ಪಿಯಲ್ಲಿ 1875ರಲ್ಲೇ ನಡೆದುಹೋಗಿತ್ತು. ಅರ್ಹತೆ ಬರುವ ಹೊತ್ತಿಗೆ ಆರಿಸುವ ಶಾಸಕರೇ ಇರುತ್ತಿರಲಿಲ್ಲ. ಒಂಬತ್ತು ವರ್ಷದ ತಕರಾರಿನ ನಿಜವಾದ ಕೆಲಸ ಇದು. ಯಾರನ್ನೂ ಶಾಶ್ವತವಾಗಿ ಹೊರಗಿಡುತ್ತೇವೆ ಎನ್ನುವುದಿಲ್ಲ, ಅವಕಾಶ ಇರುವ ಅಷ್ಟು ವರ್ಷ ಹೊರಗಿಟ್ಟರೆ ಸಾಕು.

ಸದಸ್ಯತ್ವದ ತಕರಾರುಗಳನ್ನು ಓದುವವರು ಇಲ್ಲಿ ಗಮನಿಸಬೇಕಾದದ್ದು ಷರತ್ತಿನ ಸಂಖ್ಯೆಯನ್ನಲ್ಲ, ಎಣಿಕೆ ಎಲ್ಲಿಂದ ಶುರು ಎಂಬುದನ್ನು. ಒಂಬತ್ತು ಎಂಬುದರ ಬಗ್ಗೆ ಮೂರು ದಿನದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಶುರುವಿನ ತಾರೀಕನ್ನು ಯಾರು ಆರಿಸುತ್ತಾರೋ ಅವರು ಗೆಲ್ಲುತ್ತಿದ್ದರು. ಅಟಾರ್ನಿ ಜನರಲ್ ಅಭಿಪ್ರಾಯದ ಮೇಲೆ ಭಾರ ಹಾಕಿ 1862ಕ್ಕೆ ಜಗ್ಗಲು ಹೋಗಿದ್ದರೆ ಪಾದ್ರಿಯ ಕಡೆಯವರು ವಿರೋಧಿಗಳ ಅಂಗಳದಲ್ಲೇ ಸೋಲುತ್ತಿದ್ದರು.

ಬರೆಯದೇ ಬಿಟ್ಟದ್ದರ ನಷ್ಟವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. 48 ಮತಗಳ ಬಲ ಇದ್ದಾಗ ಕಾರಣ ಬೇಕಾಗಲಿಲ್ಲ. ಬಲ ಕರಗಿದಾಗ ತೋರಿಸಲು ಕಾಗದವೂ ಇರಲಿಲ್ಲ. 1873ರಲ್ಲಿ ಲೂಸಿಯಾನದ ಶಾಸನಸಭೆ ಒಬ್ಬ ಕಪ್ಪು ನಾಯಕರನ್ನು ಸೆನೆಟ್‌ಗೆ ಆರಿಸಿತು. ಸ್ವಲ್ಪ ದಿನ ಆ ರಾಜ್ಯದ ಗವರ್ನರ್ ಆಗಿದ್ದವರು ಅವರು. ಅವರಿಗೆ ಯಾರೂ ಒಂಬತ್ತು ವರ್ಷ ಹಿಡಿಯಲಿಲ್ಲ. ತಕರಾರು ಈ ಸಲ ಅವರನ್ನು ಆರಿಸಿದ ಶಾಸನಸಭೆಯೇ ಅಸಲಿಯೋ ಅಲ್ಲವೋ ಎಂಬುದರ ಮೇಲೆ ಹೊರಳಿತು, ಏಕೆಂದರೆ ಆ ರಾಜ್ಯದಲ್ಲಿ ಆಗ ಎರಡೆರಡು ಸರ್ಕಾರಗಳು ತಾವೇ ನಿಜ ಎನ್ನುತ್ತಿದ್ದವು. ವಿಷಯ ಸಮಿತಿಗೆ ಹೋಯಿತು, ಬಂತು, ಮುಂದಕ್ಕೆ ಬಿತ್ತು. ಮೂರು ವರ್ಷ ಕಾಯಿಸಿ 1876ರ ಮಾರ್ಚ್‌ನಲ್ಲಿ 32ಕ್ಕೆ 29 ಮತಗಳಿಂದ ಬೇಡ ಎಂದರು. ಬೇಡ ಎಂದವರಲ್ಲಿ ರಿಪಬ್ಲಿಕನ್ನರೂ ಇದ್ದರು.